ಲಾಂಗ್ ರೈಡಿಗೆ ಕಾರ್ಬೊರೇಟರ್ ಬೈಕಾ, ಎಫ್‌ಐ ಬೈಕಾ?

ಚಿಕ್ಕಬಳ್ಳಾಪುರದಲ್ಲಿ ಗ್ಯಾರೇಜ್ ಇಟ್ಟವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಇಂಜಿನ್‌ಗೆ ಪೆಟ್ರೋಲ್ ಅಳೆದು ಕೊಡೋದು ಹಳೇ ಬೈಕಲ್ಲಿ ಕಾರ್ಬೊರೇಟರ್, ಹೊಸದರಲ್ಲಿ ಎಫ್‌ಐ, ಅಂದರೆ ಫ್ಯುಯೆಲ್ ಇಂಜೆಕ್ಷನ್. ಲಡಾಖ್‌ಗೆ ಹೊರಟವರೂ ಕೇಳುತ್ತಾರೆ, ಭಾನುವಾರ ನಂದಿ ಹತ್ತಿ ಇಳಿಯುವವರೂ ಕೇಳುತ್ತಾರೆ. ದೂರ ಹೋಗೋದಾದರೆ ಎಫ್‌ಐ ಬೈಕೇ ತಗೊಳ್ಳಿ ಅನ್ನುತ್ತೇನೆ. 2020ರ ಏಪ್ರಿಲ್‌ನಲ್ಲಿ ಹೊಗೆ ಕಮ್ಮಿ ಮಾಡುವ ಬಿಎಸ್6 ನಿಯಮ ಬಂದ ಮೇಲೆ ಹೊಸ ಟೂರಿಂಗ್ ಬೈಕಲ್ಲಿ ಬೇರೆ ದಾರಿಯೂ ಇಲ್ಲ. ಗೊಂದಲ ಇರೋದು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ.

ಕಾರ್ಬೊರೇಟರ್‌ನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಜೆಟ್‌ನ ಸಣ್ಣ ತೂತಿನಿಂದ ಪೆಟ್ರೋಲನ್ನೂ ಎಳೆದುಕೊಂಡು ಹೋಗುತ್ತದೆ. ಆ ತೂತು ಯಾವಾಗಲೂ ಒಂದೇ ಅಳತೆ. ಮೇಲೆ ಹತ್ತಿದಂತೆ ಗಾಳಿ ತೆಳುವಾಗುತ್ತದೆ, ಪೆಟ್ರೋಲ್ ಮಾತ್ರ ಅದೇ ಲೆಕ್ಕದಲ್ಲಿ ಇಳಿಯಲ್ಲ, ಪ್ಲಗ್ ಕಪ್ಪಾಗಿ ಬೈಕ್ ಮುಕ್ಕಲು ಶುರುಮಾಡುತ್ತದೆ. ಲಡಾಖ್‌ನ ಖಾರ್ದುಂಗ್ ಲಾ ಕಣಿವೆದಾರಿ 5,300 ಮೀಟರ್‌ಗೂ ಎತ್ತರ, ಗಾಳಿಯ ಒತ್ತಡ ಸಮುದ್ರಮಟ್ಟದ ಹೆಚ್ಚುಕಮ್ಮಿ ಅರ್ಧ. ಎಫ್‌ಐನಲ್ಲಿ ಸೆನ್ಸರ್‌ಗಳು ಒತ್ತಡ, ಬಿಸಿ ಎರಡನ್ನೂ ನೋಡಿ ಬೈಕಿನ ಪುಟ್ಟ ಕಂಪ್ಯೂಟರ್ ಆದ ಇಸಿಯುಗೆ ತಿಳಿಸುತ್ತವೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಅದು ಲೆಕ್ಕ ಹಾಕುತ್ತದೆ. ಪವರ್ ಎರಡರಲ್ಲೂ ಇಳಿಯುತ್ತದೆ, ಆದರೆ ಎಫ್‌ಐ ಬೈಕ್ ಸರಾಗವಾಗಿ ಓಡುತ್ತದೆ.

ನಂದಿ ಬೆಟ್ಟಕ್ಕೆ ಈ ಮಾತು ಹೊಂದಲ್ಲ. ಅದು 1,478 ಮೀಟರ್, ನಮ್ಮೂರೇ 900ರ ಆಸುಪಾಸಿನಲ್ಲಿದೆ. ಅಷ್ಟು ವ್ಯತ್ಯಾಸಕ್ಕೆ ಬೈಕ್ ಎಳೆಯುತ್ತಿಲ್ಲ ಅಂದರೆ ಏರ್ ಫಿಲ್ಟರ್ ಬಿಚ್ಚಿ ನೋಡಿ, ಕ್ಲಚ್ ಪ್ಲೇಟ್ ನೋಡಿ. ಸುಮ್ನೆ ಜೆಟ್ ಬದಲಾಯಿಸಬೇಡಿ.

"ದಾರೀಲಿ ಕೆಟ್ಟರೆ ಎಫ್‌ಐಗೆ ಕಂಪ್ಯೂಟರೇ ಬೇಕು" ಅಂತ ಹೆದರಿಸುವವರು ಬಹಳ. ಸೆನ್ಸರ್ ಹೋದರೆ ಸ್ಕ್ಯಾನರ್ ಬೇಕು, ನಿಜ. ಆದರೆ ನನ್ನ ಹತ್ತಿರ ಟೆಂಪೋದಲ್ಲಿ ಬರುವ ಎಫ್‌ಐ ಬೈಕುಗಳಲ್ಲಿ ಹೆಚ್ಚಿನವಕ್ಕೆ ಕರೆಂಟಿನ ಕಾಯಿಲೆ ಇಲ್ಲವೇ ಪೆಟ್ರೋಲಿನ ಕಾಯಿಲೆ. ಫಾಗ್ ಲೈಟು, ಮೊಬೈಲ್ ಚಾರ್ಜರ್ ಹಾಕೋಕೆ ಒರಿಜಿನಲ್ ವೈರಿಂಗ್ ಕತ್ತರಿಸಿ ಟೇಪ್ ಸುತ್ತಿರುತ್ತಾರೆ, ಮಳೆ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಲೈಟ್ ಬೇಕಾದರೆ ಬ್ಯಾಟರಿಯಿಂದಲೇ ಬೇರೆ ವೈರ್ ಎಳೆಸಿ, ರಿಲೇ, ಫ್ಯೂಸ್ ಹಾಕಿಸಿ, ದಯವಿಟ್ಟು. ಬ್ಯಾಟರಿ ಪೂರ್ತಿ ಸತ್ತರೆ ಎಫ್‌ಐ ಬೈಕಲ್ಲಿ ಇಂಜಿನ್‌ಗೆ ಪೆಟ್ರೋಲ್ ಕಳಿಸುವ ಪಂಪ್ ತಿರುಗಲ್ಲ, ತಳ್ಳಿ ಸ್ಟಾರ್ಟ್ ಮಾಡೋದು ಆಗಲ್ಲ. ಕಾರ್ಬೊರೇಟರ್‌ನವರು ಇಲ್ಲಿ ಗೆಲ್ಲುತ್ತಾರೆ, ಒಪ್ಪಲೇಬೇಕು.

ಈ ಪಂಪ್ ಟ್ಯಾಂಕ್ ಒಳಗೇ ಇರುತ್ತದೆ, ಅದನ್ನು ತಣ್ಣಗಿಡೋದು ಸುತ್ತ ಇರುವ ಪೆಟ್ರೋಲೇ. ಬಾಗೇಪಲ್ಲಿ ದಾಟಿ ಅನಂತಪುರದ ಬಿಸಿಲಲ್ಲಿ ರಿಸರ್ವ್‌ನಲ್ಲೇ ಓಡಿಸಿದರೆ ಪಂಪಿನ ಆಯಸ್ಸು ಕಮ್ಮಿಯಾಗುತ್ತದೆ. ಕಾಲು ಟ್ಯಾಂಕ್ ಆದರೂ ಇಟ್ಟುಕೊಳ್ಳಿ.

ಎಫ್‌ಐ ಬೈಕ್ ಸ್ಟಾರ್ಟ್ ಆಗದಿದ್ದರೆ ಕೀ ಆನ್ ಮಾಡಿ ಕಿವಿಗೊಡಿ. ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಅನ್ನಬೇಕು. ಸದ್ದಿಲ್ಲ ಅಂದರೆ ಮೊದಲು ಇಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ ನೋಡಿ, ಆಮೇಲೆ ಬ್ಯಾಟರಿ ಟರ್ಮಿನಲ್, ಫ್ಯೂಸ್. ಬೈಕ್ ಬಿದ್ದ ಮೇಲೆ ಸ್ಟಾರ್ಟ್ ಆಗ್ತಿಲ್ವಾ? ಬಿದ್ದಾಗ ಇಂಜಿನ್ ಆಫ್ ಮಾಡುವ ಸೆನ್ಸರ್ ತುಂಬಾ ಬೈಕುಗಳಲ್ಲಿದೆ. ನೆಟ್ಟಗೆ ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ.

ಕಾರ್ಬೊರೇಟರ್ ಬೈಕ್ ಇಟ್ಟುಕೊಂಡವರು ಮಾರಬೇಕಿಲ್ಲ. ತಿಂಗಳುಗಟ್ಟಲೆ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ, ಪೆಟ್ರೋಲ್ ನಿಲ್ಲುವ ಬೌಲ್ ಖಾಲಿ ಮಾಡಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತದೆ, ನಿಂತಲ್ಲೇ ಬಿಟ್ಟರೆ ಪೈಲಟ್ ಜೆಟ್ ಅನ್ನುವ ಸಣ್ಣ ಜೆಟ್ ಕಟ್ಟಿಕೊಳ್ಳುತ್ತದೆ.