ಆಲ್-ಅಮೆರಿಕ ತಂಡದ ‘ಅಸಲಿ’ ಪಟ್ಟಿ ಯಾವುದು?

ಓದುಗರ ಪ್ರಶ್ನೆ: 1950ರ ಆಸುಪಾಸಿನ ಅಮೆರಿಕನ್ ಕಾಲೇಜು ಫುಟ್‌ಬಾಲ್ ಬಗ್ಗೆ ಓದುವಾಗ ಒಂದೇ ವರ್ಷದಲ್ಲಿ ಎಷ್ಟೊಂದು ಬ್ಯಾಕ್‌ಗಳ (ಹಿಂದಿನ ಸಾಲಿನಲ್ಲಿ ನಿಂತು ಚೆಂಡು ಹಿಡಿದು ಓಡುವ, ಎಸೆಯುವ ಆಟಗಾರರ) ಹೆಸರಿನ ಮುಂದೆ ‘ಆಲ್-ಅಮೆರಿಕನ್’ ಅಂತ ಇರುತ್ತದೆ. ಒಂದು ತಂಡಕ್ಕೆ ಬ್ಯಾಕ್‌ಗಳು ನಾಲ್ಕೇ ಜನ ಅಲ್ವಾ? ಹಾಗಾದರೆ ಅಧಿಕೃತ ಪಟ್ಟಿ ಯಾವುದು? ಉಳಿದವರು ಸುಮ್ನೆ ಹೇಳಿಕೊಳ್ಳುತ್ತಿದ್ದಾರಾ?

ಉತ್ತರ: ಅಧಿಕೃತ ಪಟ್ಟಿ ಅನ್ನುವುದೇ ಇರಲಿಲ್ಲ. ಅವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ.

ಇಷ್ಟೇ ಹೇಳಿ ಮುಗಿಸಿದರೆ ಸ್ವಲ್ಪ ದಿನಕ್ಕೆ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಂದೇ ಬರುತ್ತದೆ. “ಸರಿ, ಆದರೆ ಅದರಲ್ಲಿ ನಿಜವಾದದ್ದು ಯಾವುದು?” ಅಂತ. ಅದಕ್ಕೇ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಐಸಿಸಿ ಪ್ರತಿ ವರ್ಷ ‘ವರ್ಷದ ಟೆಸ್ಟ್ ತಂಡ’ ಪ್ರಕಟಿಸುತ್ತದಲ್ಲ, ಆ ಹನ್ನೊಂದು ಜನ ಒಟ್ಟಿಗೆ ಎಲ್ಲೂ ಮೈದಾನಕ್ಕೆ ಇಳಿಯುವುದಿಲ್ಲ. ಆಲ್-ಅಮೆರಿಕ ತಂಡವೂ ಅಂಥದ್ದೇ, ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರರನ್ನು ಆರಿಸಿ ಮಾಡಿದ ಕಾಗದದ ಮೇಲಿನ ತಂಡ. ಆದರೆ ಅಲ್ಲಿ ಐಸಿಸಿಯಂಥ ಒಂದೇ ಸಂಸ್ಥೆ ಕೂತು ಪಟ್ಟಿ ಮಾಡುತ್ತಿರಲಿಲ್ಲ. ಪತ್ರಿಕೆಗಳು ಮಾಡುತ್ತಿದ್ದವು, ಸುದ್ದಿಸಂಸ್ಥೆಗಳು ಮಾಡುತ್ತಿದ್ದವು, ಕೋಚ್‌ಗಳ ಸಂಘ ಮಾಡುತ್ತಿತ್ತು. ಬೇರೆ ಬೇರೆ ಕಾಲೇಜು ತಂಡಗಳ ಕ್ಯಾಪ್ಟನ್‌ಗಳನ್ನು ಕೇಳಿ ಪಟ್ಟಿ ಮಾಡುವ ಸೆಂಟ್ರಲ್ ಪ್ರೆಸ್ ಅನ್ನುವ ಸಂಸ್ಥೆಯೂ ಇತ್ತು. ಪ್ರತಿಯೊಬ್ಬರದ್ದೂ ಬೇರೆ ಹನ್ನೊಂದು ಹೆಸರು. ಹೀಗಿರುವಾಗ ಒಂದೇ ವರ್ಷ ಹತ್ತು ಹನ್ನೆರಡು ಬ್ಯಾಕ್‌ಗಳು ಆಲ್-ಅಮೆರಿಕನ್ ಆಗುವುದರಲ್ಲಿ ಆಶ್ಚರ್ಯವೇನಿಲ್ಲ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ. ಇದು ಎರಡು ರೂಪದಲ್ಲಿ ಓಡಾಡುತ್ತದೆ. ಒಂದು, “ಅಮೆರಿಕನ್ ಫುಟ್‌ಬಾಲ್‌ನ ಪಿತಾಮಹ ವಾಲ್ಟರ್ ಕ್ಯಾಂಪ್ ಅವರದ್ದೇ ಅಸಲಿ ಪಟ್ಟಿ, ಉಳಿದವೆಲ್ಲ ನಕಲು”. ಎರಡು, “ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ಆಯ್ಕೆ ಮಾಡಿದ್ದೇ ಅಧಿಕೃತ”. ಎರಡೂ ತಪ್ಪು.

ಮೊದಲು ಕ್ಯಾಂಪ್. ಮೊದಲ ಆಲ್-ಅಮೆರಿಕ ಪಟ್ಟಿ ಬಂದದ್ದು 1889ರಲ್ಲಿ. ಬಂದದ್ದು ಕ್ಯಾಸ್ಪರ್ ವಿಟ್ನಿ ಅವರ ಪತ್ರಿಕೆಯಲ್ಲಿ. ಅದರ ಹಿಂದೆ ಕ್ಯಾಂಪ್ ಎಷ್ಟು, ವಿಟ್ನಿ ಎಷ್ಟು ಅನ್ನುವ ವಾದವೇ ಇನ್ನೂ ಮುಗಿದಿಲ್ಲ. ಆ ಹನ್ನೊಂದು ಜನವೂ ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್ ಈ ಮೂರೇ ಕಾಲೇಜಿನವರು. ‘ಅಮೆರಿಕ’ ಅನ್ನುವ ದೊಡ್ಡ ಹೆಸರಿನ ಕೆಳಗೆ ಇದ್ದದ್ದು ಪೂರ್ವ ಕರಾವಳಿಯ ಮೂರು ಮೈದಾನ. ಆಮೇಲೆ ಕ್ಯಾಂಪ್ ಅವರ ಪಟ್ಟಿಗೆ ತುಂಬಾ ಬೆಲೆ ಬಂತು, ಅದು ನಿಜ. ಕೋಲಿಯರ್ಸ್ ಪತ್ರಿಕೆಯಲ್ಲಿ ಅದು ಬರುವುದನ್ನು ಜನ ಕಾಯುತ್ತಿದ್ದರು. ಆದರೆ ಕ್ಯಾಂಪ್ 1925ರಲ್ಲೇ ತೀರಿಕೊಂಡರು. ನೀವು ಕೇಳುತ್ತಿರುವುದು 1950ರ ಕಾಲದ ಮಾತು!

“ಅವರ ಉತ್ತರಾಧಿಕಾರಿ ಇದ್ದರಲ್ಲ?” ಅಂತ ಕೇಳುವವರಿದ್ದಾರೆ. ಇದ್ದರು. ಕೋಲಿಯರ್ಸ್ ಆ ಕೆಲಸವನ್ನು ಆ ಕಾಲದ ಹೆಸರಾಂತ ಕ್ರೀಡಾ ಬರಹಗಾರ ಗ್ರ್ಯಾಂಟ್‌ಲ್ಯಾಂಡ್ ರೈಸ್ ಅವರಿಗೆ ಒಪ್ಪಿಸಿತು. 1947ರವರೆಗೆ ಅವರೇ ಮಾಡಿದರು. 1948ರಲ್ಲಿ ಏನಾಯಿತು ನೋಡಿ. ಕೋಲಿಯರ್ಸ್ ಪತ್ರಿಕೆ ರೈಸ್ ಅವರನ್ನು ಬಿಟ್ಟು ಕೋಚ್‌ಗಳ ಸಂಘದ ಪಟ್ಟಿಯನ್ನು ಹಾಕತೊಡಗಿತು. ರೈಸ್ ತಮ್ಮ ಪೆನ್ನು ತೆಗೆದುಕೊಂಡು ಲುಕ್ ಪತ್ರಿಕೆಗೆ, ಫುಟ್‌ಬಾಲ್ ಬರಹಗಾರರ ಸಂಘದ ಜೊತೆ ಹೋದರು. ಈಗ ಹೇಳಿ, ಕ್ಯಾಂಪ್ ಅವರ ‘ಗಾದಿ’ ಯಾವ ಕಡೆ ಹೋಯಿತು? ಪತ್ರಿಕೆಯ ಹಿಂದೆ ಹೋದರೆ ನಿಮಗೆ ಕೋಚ್‌ಗಳ ಪಟ್ಟಿ ಸಿಗುತ್ತದೆ. ವ್ಯಕ್ತಿಯ ಹಿಂದೆ ಹೋದರೆ ಬರಹಗಾರರ ಪಟ್ಟಿ. ಒಂದೇ ವರ್ಷ, ಎರಡು ಪಟ್ಟಿ, ಎರಡಕ್ಕೂ ಸಮಾನ ಹಕ್ಕು. ಇವತ್ತಿನ ವಾಲ್ಟರ್ ಕ್ಯಾಂಪ್ ಫೌಂಡೇಶನ್ ಹುಟ್ಟಿದ್ದು 1967ರಲ್ಲಿ. ಅದರ ಪಟ್ಟಿಯನ್ನು ಹಿಂದಕ್ಕೆ ಎಳೆದು 1950ಕ್ಕೆ ತಗುಲಿಸಬೇಡಿ.

ಇನ್ನು ಎನ್‌ಸಿಎಎ. ಈ ತಪ್ಪು ಇನ್ನೂ ಜಾಸ್ತಿ ಹರಡಿದೆ, ಯಾಕೆಂದರೆ ಅವರ ದಾಖಲೆ ಪುಸ್ತಕದಲ್ಲಿ ‘ಕನ್ಸೆನ್ಸಸ್ ಆಲ್-ಅಮೆರಿಕನ್’ ಅನ್ನುವ ಪಟ್ಟಿ ಇದೆ. ಅದನ್ನು ನೋಡಿದವರು ಎನ್‌ಸಿಎಎಯವರೇ ಕೂತು ಆಟಗಾರರನ್ನು ಆರಿಸಿದರು ಅಂದುಕೊಳ್ಳುತ್ತಾರೆ. ಎನ್‌ಸಿಎಎ ಯಾರನ್ನೂ ಆರಿಸಲಿಲ್ಲ. ಅದು ಮಾಡಿದ್ದು ಲೆಕ್ಕ ಅಷ್ಟೇ. ಪ್ರಮುಖ ಅಂತ ತಾನು ಒಪ್ಪಿಕೊಂಡ ಆಯ್ಕೆಗಾರರ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಯಾರ ಹೆಸರು ಹೆಚ್ಚು ಮೊದಲ ತಂಡಗಳಲ್ಲಿ ಇದೆ ಅಂತ ಎಣಿಸಿತು. ಹೆಚ್ಚು ಕಡೆ ಇದ್ದವರು ‘ಕನ್ಸೆನ್ಸಸ್’. ಎಲ್ಲಾ ಪಟ್ಟಿಯಲ್ಲೂ ಇದ್ದವರು ‘ಯುನಾನಿಮಸ್’. ಅಸೋಸಿಯೇಟೆಡ್ ಪ್ರೆಸ್, ಯುನೈಟೆಡ್ ಪ್ರೆಸ್, ಕೋಚ್‌ಗಳ ಸಂಘ, ಬರಹಗಾರರ ಸಂಘ ಮುಂತಾದವರ ಪಟ್ಟಿಗಳು ಈ ಲೆಕ್ಕಕ್ಕೆ ಬರುತ್ತವೆ. 1958ರಲ್ಲಿ ಯುನೈಟೆಡ್ ಪ್ರೆಸ್ ಮತ್ತು ಇಂಟರ್‌ನ್ಯಾಷನಲ್ ನ್ಯೂಸ್ ಸರ್ವೀಸ್ ಒಂದಾಗಿ ಯುಪಿಐ (ಯುನೈಟೆಡ್ ಪ್ರೆಸ್ ಇಂಟರ್‌ನ್ಯಾಷನಲ್) ಅನ್ನುವ ಒಂದೇ ಸುದ್ದಿಸಂಸ್ಥೆ ಆಯಿತು. ಆಗ ಎರಡು ಪಟ್ಟಿ ಒಂದಾಯಿತು. ಲೆಕ್ಕ ಮಾಡುವವನಿಗೆ ಎದುರಿಗಿದ್ದ ಕಾಗದವೇ ಬದಲಾಯಿತು ಅಂದಮೇಲೆ ಕನ್ಸೆನ್ಸಸ್ ಅನ್ನುವುದನ್ನು ಕಲ್ಲಿನಲ್ಲಿ ಕೆತ್ತಿದ ತೀರ್ಪು ಅಂತ ಓದಬಾರದು.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ 1956. ಆ ವರ್ಷ ಹೈಸ್‌ಮನ್ ಟ್ರೋಫಿ ಗೆದ್ದವರು ನೋಟ್ರ್ ಡೇಮ್‌ನ ಪಾಲ್ ಹಾರ್ನಂಗ್. ಅವರ ತಂಡ ಹತ್ತರಲ್ಲಿ ಎರಡೇ ಪಂದ್ಯ ಗೆದ್ದಿತ್ತು. ಸೋಲುವ ತಂಡದಿಂದ ಹೈಸ್‌ಮನ್ ಪಡೆದವರು ಅವರೊಬ್ಬರೇ. ದೇಶದ ಅತ್ಯುತ್ತಮ ಆಟಗಾರ ಅಂತ ಟ್ರೋಫಿ ಕೊಟ್ಟಮೇಲೆ ಆಲ್-ಅಮೆರಿಕದ ನಾಲ್ಕು ಬ್ಯಾಕ್‌ಗಳಲ್ಲಿ ಅವರು ಇರಲೇಬೇಕು ಅಲ್ವಾ? ಇಲ್ಲ. ಆ ವರ್ಷದ ಕನ್ಸೆನ್ಸಸ್ ಬ್ಯಾಕ್‌ಗಳು ಸಿರಾಕ್ಯೂಸ್‌ನ ಜಿಮ್ ಬ್ರೌನ್, ಟೆನ್ನೆಸಿಯ ಜಾನಿ ಮೇಜರ್ಸ್, ಓಕ್ಲಹೋಮಾದ ಟಾಮಿ ಮೆಕ್‌ಡೊನಾಲ್ಡ್, ಸ್ಟ್ಯಾನ್‌ಫರ್ಡ್‌ನ ಜಾನ್ ಬ್ರೋಡಿ. ಹಾರ್ನಂಗ್ ಹೆಸರಿಲ್ಲ.

ಜಿಮ್ ಬ್ರೌನ್ ಕಥೆ ಇದರ ಇನ್ನೊಂದು ಮುಖ. ಎಂಟು ಪಂದ್ಯದಲ್ಲಿ ಚೆಂಡು ಹಿಡಿದು 986 ಗಜ ಓಡಿದ್ದರು. ಕೋಲ್ಗೇಟ್ ಕಾಲೇಜಿನ ವಿರುದ್ಧ, ನಿಯಮಿತ ಋತುವಿನ ಕೊನೆಯ ಪಂದ್ಯದಲ್ಲಿ ಆರು ಟಚ್‌ಡೌನ್ (ತಲಾ ಆರು ಅಂಕ), ಏಳು ಎಕ್ಸ್‌ಟ್ರಾ ಪಾಯಿಂಟ್ ಕಿಕ್ (ತಲಾ ಒಂದು), ಒಟ್ಟು 43 ಅಂಕ, ಒಬ್ಬರೇ. ಆಲ್-ಅಮೆರಿಕ ಪಟ್ಟಿಗಳು ಅವರನ್ನು ಎತ್ತಿ ಹಿಡಿದವು. ಹೈಸ್‌ಮನ್ ಮತದಾನದಲ್ಲಿ ಮಾತ್ರ ಅವರಿಗೆ ಸಿಕ್ಕಿದ್ದು ಐದನೇ ಸ್ಥಾನ. ಅವರು ಕಪ್ಪು ಆಟಗಾರ ಅನ್ನುವುದು ಆ ಮತಗಳಲ್ಲಿ ಕೆಲಸ ಮಾಡಿತು ಅಂತ ನನ್ನ ಖಚಿತ ಅಭಿಪ್ರಾಯ. ಒಂದೇ ಋತು, ಅದೇ ಆಟಗಾರರು, ಮತ ಹಾಕುವವರು ಬದಲಾದರೆ ಫಲಿತಾಂಶವೂ ಬೇರೆ. ‘ಅಸಲಿ’ಯನ್ನು ಎಲ್ಲಿ ಹುಡುಕುತ್ತೀರಿ?

ಈ ವ್ಯತ್ಯಾಸ ಯಾಕೆ ಬರುತ್ತಿತ್ತು ಅನ್ನುವುದನ್ನು ಕೇಳುವವರು ಕಡಿಮೆ. ಕೇಳಬೇಕಾದ್ದು ಅದನ್ನೇ. ಮುಖ್ಯ ಕಾರಣ, ಆಯ್ಕೆ ಮಾಡುವವರು ಹೆಚ್ಚಿನ ಆಟಗಾರರನ್ನು ಕಣ್ಣಾರೆ ನೋಡಿರಲಿಲ್ಲ. ಆಗ ಹೆಚ್ಚಿನ ಪಂದ್ಯಗಳು ನಡೆಯುತ್ತಿದ್ದದ್ದು ಶನಿವಾರ ಮಧ್ಯಾಹ್ನ. ಒಬ್ಬ ವರದಿಗಾರ ಒಂದು ಶನಿವಾರಕ್ಕೆ ಒಂದೇ ಸ್ಟೇಡಿಯಂನಲ್ಲಿ ಇರಬಲ್ಲ. ಟಿವಿ ಬಂದಮೇಲೆ ಸರಿಹೋಗಬೇಕಿತ್ತು. ಆದರೆ ಟಿಕೆಟ್ ಮಾರಾಟ ಬಿದ್ದುಹೋಗುತ್ತದೆ ಅನ್ನುವ ಭಯದಿಂದ 1950ರ ದಶಕದಲ್ಲಿ ಎನ್‌ಸಿಎಎ ಟಿವಿ ಪ್ರಸಾರಕ್ಕೆ ಬಿಗಿ ಮಿತಿ ಹಾಕಿತ್ತು. ಹೀಗಾಗಿ ಆಯ್ಕೆ ನಿಂತಿದ್ದು ಸುದ್ದಿಸಂಸ್ಥೆಯ ವರದಿ, ಅಂಕಿಅಂಶ, ಪರಿಚಯದ ಕೋಚ್‌ಗಳ ಮಾತು, ಕಾಲೇಜುಗಳ ಪ್ರಚಾರ ವಿಭಾಗ ಕಳಿಸುವ ಕಾಗದಗಳ ಮೇಲೆ. ಪಟ್ಟಿಗಳು ಹೊರಬೀಳುತ್ತಿದ್ದದ್ದೂ ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ. ಋತು ಮುಗಿದಮೇಲೆ ಆಯ್ದ ತಂಡಗಳನ್ನು ಕರೆದು ಆಡಿಸುವ ಹೊಸ ವರ್ಷದ ದಿನದ ಬೌಲ್ ಪಂದ್ಯಗಳಲ್ಲಿ ಎಷ್ಟು ಚೆನ್ನಾಗಿ ಆಡಿದರೂ ಅದು ಲೆಕ್ಕಕ್ಕಿಲ್ಲ.

1951ರ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳಿ. ಆಡಿದ ಒಂಬತ್ತೂ ಪಂದ್ಯ ಗೆದ್ದರು. ಅವರ ಓಲಿ ಮ್ಯಾಟ್ಸನ್ ಆ ವರ್ಷ ಇಡೀ ದೇಶದಲ್ಲೇ ಅತಿ ಹೆಚ್ಚು ಗಜ ಓಡಿದವರು. ಹೈಸ್‌ಮನ್‌ನಲ್ಲಿ ಅವರಿಗೆ ಬಂದದ್ದು ಒಂಬತ್ತನೇ ಸ್ಥಾನ. ಆ ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದವರು ಪೀಟ್ ರೋಝೆಲ್, ಮುಂದೆ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಕಮಿಷನರ್ ಆದವರು. ಅಷ್ಟು ಚುರುಕಿನ ಮನುಷ್ಯ ಇದ್ದೂ ಪಶ್ಚಿಮದ ಒಂದು ಚಿಕ್ಕ ಕ್ಯಾಥೊಲಿಕ್ ಕಾಲೇಜಿನ ಆಟಗಾರನಿಗೆ ಸಿಕ್ಕಿದ್ದು ಅಷ್ಟೇ. ತಂಡ ಬೌಲ್ ಪಂದ್ಯವನ್ನೂ ಆಡಲಿಲ್ಲ. ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್, ಇಬ್ಬರು ಕಪ್ಪು ಆಟಗಾರರನ್ನು ಬಿಟ್ಟು ಬರುವುದಾದರೆ ಬನ್ನಿ ಅನ್ನುವ ಷರತ್ತನ್ನು ತಂಡ ಒಪ್ಪಲಿಲ್ಲ. ಆ ಒಂದು ತಂಡದಿಂದ ಮೂವರು ಮುಂದೆ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿದರು: ಮ್ಯಾಟ್ಸನ್, ಜಿನೊ ಮಾರ್ಕೆಟಿ, ಬಾಬ್ ಸೇಂಟ್ ಕ್ಲೇರ್. ಪಟ್ಟಿ ನೋಡುವಾಗ ಪಟ್ಟಿ ಮಾಡಿದವನು ಎಲ್ಲಿ ಕೂತಿದ್ದ ಅಂತಲೂ ನೋಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಇನ್ನೊಂದು ಗೊಂದಲವನ್ನು ಬೇಗ ಮುಗಿಸುತ್ತೇನೆ. 1950-52ರ ಕೆಲವು ಪಟ್ಟಿಗಳಲ್ಲಿ 22 ಹೆಸರು ಯಾಕೆ? ಆಗ ಆಟಗಾರರನ್ನು ಬೇಕಾದಷ್ಟು ಸಲ ಬದಲಾಯಿಸಬಹುದಿತ್ತು. ದಾಳಿಗೆ ಒಂದು ತಂಡ, ರಕ್ಷಣೆಗೆ ಇನ್ನೊಂದು ತಂಡ ಇಳಿಯುತ್ತಿತ್ತು. ಕೆಲವು ಆಯ್ಕೆಗಾರರು ಎರಡಕ್ಕೂ ಹನ್ನೊಂದು ಹನ್ನೊಂದು ಜನರನ್ನು ಆರಿಸಿದರು. 1953ರಲ್ಲಿ ನಿಯಮ ಬಿಗಿಯಾಯಿತು, ಆಟಗಾರ ಎರಡೂ ಕಡೆ ಆಡಲೇಬೇಕಾಯಿತು. ಪಟ್ಟಿ ಮತ್ತೆ ಹನ್ನೊಂದಕ್ಕೆ ಇಳಿಯಿತು. 1960ರ ದಶಕದ ಮಧ್ಯದಲ್ಲಿ ನಿಯಮ ಸಡಿಲವಾದಮೇಲೆ ಮತ್ತೆ 22. 1953ರ ನಂತರದ ಹೆಸರುಗಳಿಗೆ ನಾನು ಸ್ವಲ್ಪ ಹೆಚ್ಚು ಗೌರವ ಕೊಡುತ್ತೇನೆ. ದಾಳಿಯಲ್ಲೂ ರಕ್ಷಣೆಯಲ್ಲೂ ನಿಂತು ಆಡಿ ಆ ಹೆಸರು ಪಡೆದವರು ಅವರು.

ಹಾಗಾದರೆ ಈ ತಾರೆಗಳು ಒಟ್ಟಿಗೆ ಆಡಿದ್ದೇ ಇಲ್ಲವಾ? ಇದನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕಾಗದದ ತಂಡ ಆಡಲಿಲ್ಲ. ಅದರಲ್ಲಿದ್ದ ಹಲವರು ಮಾತ್ರ ಬೇರೆ ಪಂದ್ಯಗಳಲ್ಲಿ ಜೊತೆಯಾದರು. 1925ರಲ್ಲಿ ಶುರುವಾದ ಈಸ್ಟ್-ವೆಸ್ಟ್ ಶ್ರೈನ್ ಪಂದ್ಯ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಕ್ಕಳ ಆಸ್ಪತ್ರೆಗಳಿಗೆ ಹಣ ಕೂಡಿಸಲು ನಡೆಯುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ಶಿಕಾಗೊದ ಕಾಲೇಜ್ ಆಲ್-ಸ್ಟಾರ್ ಪಂದ್ಯ. ಶಿಕಾಗೊ ಟ್ರಿಬ್ಯೂನ್‌ನ ಆರ್ಚ್ ವಾರ್ಡ್ 1934ರಲ್ಲಿ ಇದನ್ನು ಹುಟ್ಟುಹಾಕಿದರು. ಆಗಷ್ಟೇ ಕಾಲೇಜು ಮುಗಿಸಿದ ಆಟಗಾರರು ಒಂದು ಕಡೆ, ಎನ್‌ಎಫ್‌ಎಲ್ ಚಾಂಪಿಯನ್ ತಂಡ ಇನ್ನೊಂದು ಕಡೆ. ಮೊದಲ ಪಂದ್ಯ ಶಿಕಾಗೊ ಬೇರ್ಸ್ ವಿರುದ್ಧ, 0-0ಯಲ್ಲಿ ಮುಗಿಯಿತು. 1947ರಲ್ಲಿ ಸೋಲ್ಜರ್ ಫೀಲ್ಡ್‌ಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಬಂದರು, ಹುಡುಗರು ಬೇರ್ಸ್ ತಂಡವನ್ನು 16-0ಯಿಂದ ಸೋಲಿಸಿದರು. 1976ರವರೆಗೆ ನಡೆದ 42 ಪಂದ್ಯಗಳಲ್ಲಿ ಕಾಲೇಜು ಹುಡುಗರು ಗೆದ್ದದ್ದು ಒಂಬತ್ತು.

ಆ ಒಂಬತ್ತರಲ್ಲಿ 1950ರ ಗೆಲುವು ನಮ್ಮ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು. ಹಿಂದಿನ ಋತುವಿನ, ಅಂದರೆ 1949ರ, ಕನ್ಸೆನ್ಸಸ್ ಬ್ಯಾಕ್‌ಗಳು ಎಮಿಲ್ ಸಿಟ್ಕೊ, ಡೋಕ್ ವಾಕರ್, ಆರ್ನಾಲ್ಡ್ ಗ್ಯಾಲಿಫಾ, ಬಾಬ್ ವಿಲಿಯಮ್ಸ್. ನಾರ್ತ್ ಕ್ಯಾರೊಲೈನಾದ ಚಾರ್ಲಿ ಜಸ್ಟಿಸ್ ಆ ವರ್ಷ ಹೈಸ್‌ಮನ್‌ನಲ್ಲಿ ಎರಡನೆಯವರಾಗಿ ಬಂದರೂ ಆ ನಾಲ್ವರಲ್ಲಿ ಇರಲಿಲ್ಲ. ಕಾಲೇಜ್ ಆಫ್ ದಿ ಪೆಸಿಫಿಕ್‌ನ ಗಿಡ್ಡ ಕ್ವಾರ್ಟರ್‌ಬ್ಯಾಕ್ ಎಡ್ಡಿ ಲೆಬ್ಯಾರನ್ ಕೂಡ ಇರಲಿಲ್ಲ. 1950ರ ಆಗಸ್ಟ್‌ನಲ್ಲಿ ಜಸ್ಟಿಸ್, ಲೆಬ್ಯಾರನ್ ಇದ್ದ ಕಾಲೇಜು ತಂಡದ ಎದುರು ನಿಂತದ್ದು ಸತತ ಎರಡು ವರ್ಷ ಎನ್‌ಎಫ್‌ಎಲ್ ಗೆದ್ದಿದ್ದ ಫಿಲಡೆಲ್ಫಿಯಾ ಈಗಲ್ಸ್. ಲೆಬ್ಯಾರನ್ ಎಸೆದ ಚೆಂಡನ್ನು ಹಿಡಿದು ಜಸ್ಟಿಸ್ ಟಚ್‌ಡೌನ್ ಮಾಡಿದರು. ಕಾಲೇಜು ತಂಡ 17-7ರಿಂದ ಗೆದ್ದಿತು. ಪಂದ್ಯದ ಅತ್ಯುತ್ತಮ ಆಟಗಾರ, ಕನ್ಸೆನ್ಸಸ್ ನಾಲ್ವರಲ್ಲಿ ಇಲ್ಲದ ಅದೇ ಜಸ್ಟಿಸ್.