ಕಾಲು ಮುರಿದರೂ ಡಿಎಲ್ ಉಳಿಯುವುದು ಹೇಗೆ?

ದೇವಿಮನೆ ಘಟ್ಟದ ತಿರುವಿನಲ್ಲಿ ಟೆಂಪೋ ತಾಗಿ ಬೈಕ್ ಸವಾರನ ಕಾಲು ಮುರಿಯಿತು ಎಂದಿಟ್ಟುಕೊಳ್ಳಿ. ಸೇರಿದವರ ಬಾಯಲ್ಲಿ ಮೊದಲು ಬರುವ ಮಾತು, 'ಡ್ರೈವರನ ಲೈಸೆನ್ಸ್ ಹೋಯ್ತು'. ಕಾನೂನು ಅಷ್ಟು ಅವಸರ ಮಾಡುವುದಿಲ್ಲ.

ಲೈಸೆನ್ಸ್ ಕಸಿಯುವ ಅಧಿಕಾರ ಹಳೆಯದು. ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದಾಗ ಜಾರಿಗೆ ಬಂದ 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಅದಿತ್ತು. 1989ರ ಜುಲೈ 1ರಂದು ಜಾರಿಯಾದ 1988ರ ಕಾಯ್ದೆಯ 19ನೇ ಕಲಂ ಆರ್‌ಟಿಒಗೆ, 20ನೇ ಕಲಂ ಕೋರ್ಟಿಗೆ ಆ ಅಧಿಕಾರ ಕೊಟ್ಟಿತು. ಗಾಯದ ಮಾತು ನೇರವಾಗಿ ಬರುವುದು 21ನೇ ಕಲಮಿನಲ್ಲಿ. ಅಪಾಯಕಾರಿ ಚಾಲನೆಯಿಂದ ಸಾವು ಅಥವಾ ತೀವ್ರ ಗಾಯವಾಗಿ ಕೇಸು ದಾಖಲಾದರೆ ಡಿಎಲ್ ಆ ದಿನದಿಂದ 6 ತಿಂಗಳು ಅಮಾನತು. ಆದರೆ ಚಾಲಕನಿಗೆ ಹಿಂದೆಯೇ 184ನೇ ಕಲಮಿನಡಿ, ಅಂದರೆ ಅಪಾಯಕಾರಿ ಚಾಲನೆಗೆ, ಶಿಕ್ಷೆಯಾಗಿರಬೇಕು. ಗಂಟು ಇರುವುದೇ ಇಲ್ಲಿ.

ಮೊದಲ ಪ್ರಕರಣದಲ್ಲಿ ಪೊಲೀಸರು ಭಾರತೀಯ ನ್ಯಾಯ ಸಂಹಿತೆಯ 281 (ದುಡುಕಿನ ಚಾಲನೆ) ಮತ್ತು 125 (ನಿರ್ಲಕ್ಷ್ಯದಿಂದ ಗಾಯ) ಕಲಂ ಮಾತ್ರ ಹಾಕಿ (2024ರ ಜುಲೈಗೆ ಮುಂಚೆ ಐಪಿಸಿ 279, 337, 338) 184 ಬಿಟ್ಟರೆ, ದಂಡ ಕಟ್ಟಿ ಮುಗಿಸಿದ ಆ ಕೇಸು ಮುಂದೆ 21ನೇ ಕಲಮಿನ ಲೆಕ್ಕಕ್ಕೆ ಬರುವುದಿಲ್ಲ. ಅದೇ ಚಾಲಕ ಎರಡನೇ ಸಲ ಗುದ್ದಿದರೂ ಈ ಕಲಮಿನ ಮಟ್ಟಿಗೆ ಹೊಸಬನೇ. ಗಾಯ ತೀವ್ರವೋ ಅಲ್ಲವೋ ಎಂಬುದಕ್ಕೆ ಆಸ್ಪತ್ರೆಯ ವುಂಡ್ ಸರ್ಟಿಫಿಕೇಟ್ ನೋಡಬೇಕು. ಮೂಳೆ ಬಿರುಕು, ಮುರಿದ ಹಲ್ಲು ಕೂಡ ತೀವ್ರ ಗಾಯವೇ. ದಿನದ ಕೆಲಸಕ್ಕೆ ಏಳಲಾಗದಷ್ಟು ನೋವು ಇಷ್ಟು ದಿನ ಇದ್ದರೂ ತೀವ್ರ ಗಾಯ ಎಂಬ ಅವಧಿ ಐಪಿಸಿಯಲ್ಲಿ 20 ದಿನ ಇದ್ದದ್ದು ಈಗ 15.

ಇನ್ನೊಂದು ತೊಡಕು ದೂರದ್ದು. ಅಮಾನತಿನ ವಿಷಯವನ್ನು ಪೊಲೀಸರು ಡಿಎಲ್ ಕೊಟ್ಟ ಕಚೇರಿಗೇ ತಿಳಿಸಬೇಕು. ಅಂಕೋಲೆಯ ಬಳಿ ಹೆದ್ದಾರಿ 66ರಲ್ಲಿ ಗುದ್ದಿದ ಲಾರಿಯವನ ಡಿಎಲ್ ಕೇರಳದ್ದಾದರೆ ಕಾಗದ ಅಲ್ಲಿಯವರೆಗೆ ಹೋಗಬೇಕು.

2015ರಲ್ಲಿ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ದಾರಿ ಬದಲಿಸಿತು. ಅತಿವೇಗ, ಕೆಂಪು ದೀಪ ದಾಟುವುದು, ಕುಡಿದು ಓಡಿಸುವುದು, ಮೊಬೈಲ್, ಅತಿಭಾರ, ಸರಕು ವಾಹನದಲ್ಲಿ ಜನ: ಇವಕ್ಕೆ ಯಾರಿಗೂ ಗಾಯವಾಗದಿದ್ದರೂ ಕನಿಷ್ಠ 3 ತಿಂಗಳು ಅಮಾನತು ಮಾಡಿ ಎಂದು ರಾಜ್ಯಗಳಿಗೆ ಸೂಚಿಸಿತು. ಕೊನೆಯದರ ಬೆಲೆ ಏನೆಂದು 2025ರ ಜನವರಿಯಲ್ಲಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ ಕಂಡೆವು. ಕುಮಟಾ ಸಂತೆಗೆ ಹೊರಟ ವ್ಯಾಪಾರಿಗಳನ್ನು ಸರಕಿನ ಜೊತೆ ಹೊತ್ತಿದ್ದ ಲಾರಿ ಉರುಳಿ 10 ಮಂದಿ ಸತ್ತರು.

2019ರ ತಿದ್ದುಪಡಿ 206ನೇ ಕಲಮಿಗೆ 4ನೇ ಉಪಕಲಂ ಸೇರಿಸಿತು. ಅತಿವೇಗ, ಅಪಾಯಕಾರಿ ಚಾಲನೆ, ಕುಡಿತ, ರೇಸ್, ಬೈಕಿನಲ್ಲಿ ಮೂವರು, ಹೆಲ್ಮೆಟ್ ಇಲ್ಲದಿರುವುದು, ಆಂಬುಲೆನ್ಸಿಗೆ ದಾರಿ ಬಿಡದಿರುವುದು ಮೊದಲಾದವುಗಳಲ್ಲಿ ಪೊಲೀಸರು ಡಿಎಲ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸಬೇಕು. ಮೊದಲ ಸಲ 3 ತಿಂಗಳು ಅನರ್ಹತೆ, ಮತ್ತೆ ಸಿಕ್ಕಿದರೆ ರದ್ದು. ತಲೆಗೆ ಹೆಲ್ಮೆಟ್ ಇಲ್ಲದವನ ಡಿಎಲ್ ಹೋಗಬಹುದು, 184 ಬೀಳದೆ ಇನ್ನೊಬ್ಬನ ಕಾಲು ಮುರಿದವನದು ಉಳಿಯಬಹುದು. ವಿಚಿತ್ರವಾದರೂ ಕಾಯ್ದೆ ಇರುವುದು ಹಾಗೆ.

ದಂಡ ಕಟ್ಟಿದರೆ ಮುಗಿಯಿತು ಎಂದುಕೊಳ್ಳುವವರು 200ನೇ ಕಲಂ ಓದಬೇಕು: ಸ್ಥಳದಲ್ಲೇ ರಾಜಿ ದಂಡ ಕಟ್ಟಿದರೂ ಡಿಎಲ್ ಮೇಲಿನ ಕ್ರಮ ನಿಲ್ಲುವುದಿಲ್ಲ. ಪೊಲೀಸರಿಗೆ ಡಿಎಲ್ ಕೊಡುವಾಗ ರಸೀದಿ ಕೇಳಿ ಪಡೆಯಿರಿ. ಆರ್‌ಟಿಒ ನೋಟಿಸು ಬಂದರೆ ಕಾರವಾರಕ್ಕಾಗಲಿ ಶಿರಸಿಗಾಗಲಿ ಹೇಳಿದ ದಿನ ಹೋಗಿ ಲಿಖಿತ ಉತ್ತರ ಕೊಡಿ. ನಿಮ್ಮ ಮಾತು ಕೇಳದೆ, ಕಾರಣ ಬರೆಯದೆ ಆದೇಶ ಮಾಡುವಂತಿಲ್ಲ. ಮೇಲ್ಮನವಿಗೆ 30 ದಿನ. ಅನರ್ಹತೆಯ ಅವಧಿಯಲ್ಲಿ 'ಊರೊಳಗೆ ತಾನೇ' ಎಂದು ಗಾಡಿ ತೆಗೆದರೆ 182ನೇ ಕಲಮಿನಡಿ 3 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ ಅಥವಾ ಎರಡೂ.