ಇಸಿಜಿ ನಾರ್ಮಲ್ ಉಂಟಲ್ಲ ಡಾಕ್ಟ್ರೆ?

ಫೈಲು ದಪ್ಪ ಇದ್ದಷ್ಟೂ ರೋಗಿಯ ಮಾತು ಕಡಿಮೆ. "ಏನಾಗ್ತದೆ, ಹೇಳಿ" ಅಂದರೆ ಪ್ಲಾಸ್ಟಿಕ್ ಚೀಲದೊಳಗಿನ ರಿಪೋರ್ಟೆಲ್ಲ ಮೇಜಿನ ಮೇಲೆ ಬರುತ್ತದೆ. "ಎಲ್ಲ ಇದರಲ್ಲುಂಟು ಡಾಕ್ಟ್ರೆ." ಜತೆಗೆ ಬಂದ ಮಗ ಮೊಬೈಲಿನಲ್ಲಿ ಇನ್ನೂ ನಾಲ್ಕು ಪಿಡಿಎಫ್ ತೆರೆಯುತ್ತಾನೆ. ಅಪ್ಪ ಏನೋ ಹೇಳಲು ಬಾಯಿ ತೆರೆದರೆ, "ಅಪ್ಪ ನೀವು ಸುಮ್ಮನಿರಿ, ಡಾಕ್ಟ್ರು ನೋಡ್ತಾರೆ." ಅಲ್ಲಿ ಸುಮ್ಮನಿರಬೇಕಾದವರು ಯಾರು ಅಂತ ನನಗೊಂದು ಅಭಿಪ್ರಾಯ ಇದೆ. ಸಾಮಾನ್ಯವಾಗಿ ಹೇಳುವುದಿಲ್ಲ.

ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಒಬ್ಬರ ಸಂಗತಿ ಹೇಳುತ್ತೇನೆ. ಅಡಿಕೆ ಕೃಷಿಕರು, ಅರವತ್ತು ದಾಟಿದವರು. ಫೈಲಿನಲ್ಲಿ ಎಂಡೋಸ್ಕೋಪಿ, ಹೊಟ್ಟೆಯ ಸ್ಕ್ಯಾನಿಂಗ್, ಮೂರು ಇಸಿಜಿ. ಎಲ್ಲ ನಾರ್ಮಲ್. ತೊಂದರೆ ಏನು ಅಂದರೆ ಒಂದೇ ಮಾತು: "ಗ್ಯಾಸು."

"ಯಾವಾಗ ಬರುವುದು?"

"ತೋಟಕ್ಕೆ ಹೋಗಿ ಬರುವಾಗ."

"ಹೋಗುವಾಗಲೋ, ಬರುವಾಗಲೋ?"

ಸ್ವಲ್ಪ ಯೋಚಿಸಿದರು. "ಹೋಗುವಾಗ ಇಲ್ಲ. ಬರುವಾಗ ಮಾತ್ರ."

ನಮ್ಮ ಕಡೆ ತೋಟ ಕೆಳಗೆ, ಮನೆ ಮೇಲೆ. ಬರುವುದು ಅಂದರೆ ಹತ್ತುವುದು. ಎಲ್ಲಿ ಶುರುವಾಗುತ್ತದೆ ಅಂತ ಕೇಳಿದೆ. ಪಂಪ್‌ಶೆಡ್ ದಾಟಿ ಮೆಟ್ಟಿಲು ಸಿಗುವಲ್ಲಿ ಎದೆ ಬಿಗಿಯುತ್ತದಂತೆ, ದವಡೆಯವರೆಗೆ ಬರುತ್ತದಂತೆ. ಆಗ ಹಲಸಿನ ಮರದ ಬುಡದಲ್ಲಿ ನಿಂತು ಒಂದು ವೀಳ್ಯದೆಲೆ ಹಾಕುತ್ತಾರೆ. ಎರಡು ನಿಮಿಷದಲ್ಲಿ ಗ್ಯಾಸು ಮಾಯ. "ಎಲೆ ಹಾಕಿದ್ರೆ ಇಳೀತದೆ ಡಾಕ್ಟ್ರೆ, ಹಾಗಾಗಿ ಗ್ಯಾಸೇ ಅದು." ಅಷ್ಟರವರೆಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ ಅವರ ಹೆಂಡತಿ ಹೇಳಿದರು: "ಊಟ ಮಾಡಿ ಹೋದ ದಿವಸ ಎರಡು ಸಲ ನಿಲ್ತಾರೆ ಇವರು."

ಮಾರಾಯ್ರೆ, ಇಳಿಸಿದ್ದು ಎಲೆಯಲ್ಲ, ನಿಂತದ್ದು. ಪರೀಕ್ಷೆ ಮಾಡಿಸಿದೆವು, ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು, ಚಿಕಿತ್ಸೆ ಆಯಿತು, ಈಗ ಆರಾಮ. ಆದರೆ ರೋಗ ಹಿಡಿದದ್ದು ಆಂಜಿಯೋಗ್ರಾಮ್ ಅಲ್ಲ. ಅದು ಎಲ್ಲಿ, ಎಷ್ಟು ಅಂತ ತೋರಿಸಿತು ಅಷ್ಟೆ. ಹಿಡಿದದ್ದು ಪಂಪ್‌ಶೆಡ್ಡು, ಮೆಟ್ಟಿಲು, ಹಲಸಿನ ಮರ, ಮತ್ತೆ ಆ ಹೆಂಗಸಿನ ಒಂದು ಮಾತು.

ಇದು ನನ್ನ ಜಾಣತನ ಅಂತ ಯಾರೂ ತಿಳಿಯಬಾರದು. ವಿಲಿಯಂ ಹೆಬರ್ಡನ್ ಎಂಬ ಲಂಡನ್ನಿನ ವೈದ್ಯ 1768ರಲ್ಲಿ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಓದಿದ ಪ್ರಬಂಧದಲ್ಲಿ ಇದೆಲ್ಲ ಇದೆ. ನಡೆಯುವಾಗ ಬರುತ್ತದೆ, ಅದರಲ್ಲೂ ಏರು ಹತ್ತುವಾಗ, ಊಟವಾದ ಮೇಲೆ, ನಿಂತರೆ ಹೋಗುತ್ತದೆ. ಆಂಜೈನಾ ಎಂಬ ಹೆಸರು ಇದಕ್ಕೆ ಕೊಟ್ಟದ್ದೂ ಅವನೇ. ಆಗ ಸ್ಟೆತಸ್ಕೋಪೇ ಇರಲಿಲ್ಲ, ಅದು ಬಂದದ್ದು 1816ರಲ್ಲಿ. ಇಸಿಜಿ ಬಂದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಹೃದಯದ ರಕ್ತನಾಳಕ್ಕೇ ನೇರವಾಗಿ ಬಣ್ಣ ಬಿಟ್ಟು ಚಿತ್ರ ತೆಗೆಯುವ ಆಂಜಿಯೋಗ್ರಾಮ್ 1958ರಲ್ಲಿ. ಹೆಬರ್ಡನ್ ಬಳಿ ಇದ್ದದ್ದು ರೋಗಿಗಳು ಹೇಳಿದ್ದು, ಅದನ್ನು ಅವನು ಬರೆದಿಟ್ಟುಕೊಂಡದ್ದು. ಗ್ರೀಕ್, ಲ್ಯಾಟಿನ್ ಸಾಹಿತ್ಯದಲ್ಲಿ ಮುಳುಗಿದ್ದ ಪಂಡಿತ ಅವನು. ಟಿಪ್ಪಣಿ ಬರೆಯುತ್ತಿದ್ದದ್ದೂ ಲ್ಯಾಟಿನ್ನಿನಲ್ಲೇ. ಬೇಕಾದ ವಿವರ ಯಾವುದು, ಬೇಡದ್ದು ಯಾವುದು ಅಂತ ಆರಿಸುವ ಕಣ್ಣು ಅವನಿಗೆ ಆ ಓದಿನಿಂದಲೂ ಬಂದಿರಬೇಕು ಅಂತ ನನ್ನ ಅಂದಾಜು. ಸಾಬೀತು ಮಾಡು ಅಂದರೆ ಆಗುವುದಿಲ್ಲ.

ಆ ಪ್ರಬಂಧ 1772ರಲ್ಲಿ ಅಚ್ಚಾಯಿತು. ಅದನ್ನು ಓದಿದ ಒಬ್ಬ ಮನುಷ್ಯ ಹೆಸರು ಹಾಕದೆ ಹೆಬರ್ಡನ್‌ಗೆ ಕಾಗದ ಬರೆದ. ನೀವು ಬರೆದ ಕಾಯಿಲೆ ನನಗಿದೆ, ನನಗೆ ಆಗುವುದು ಹೀಗೆ ಹೀಗೆ. ದಿಢೀರನೆ ಸತ್ತರೆ ನನ್ನ ದೇಹವನ್ನು ಕೊಯ್ದು ನೋಡಿ, ಇತರರಿಗೆ ಉಪಯೋಗವಾಗಲಿ ಎಂದು. ಕೆಲವೇ ವಾರಗಳಲ್ಲಿ ಅವನು ಸತ್ತ. ಕೊಯ್ದು ನೋಡಿದವನು ಆ ಕಾಲದ ಮಹಾ ಶಸ್ತ್ರವೈದ್ಯ ಜಾನ್ ಹಂಟರ್. ಪಕ್ಕದಲ್ಲಿದ್ದವನು ಅವನ ಶಿಷ್ಯ ಎಡ್ವರ್ಡ್ ಜೆನ್ನರ್, ಮುಂದೆ ಸಿಡುಬಿನ ಲಸಿಕೆಯಿಂದ ಹೆಸರಾದವನು. ಅವರಿಗೆ ಸಾವಿನ ಕಾರಣ ಸಿಗಲಿಲ್ಲ. ಹೃದಯಕ್ಕೆ ರಕ್ತ ಕೊಡುವ ನಾಳಗಳನ್ನು ಸರಿಯಾಗಿ ಸೀಳಿ ನೋಡಿರಲಿಲ್ಲ. ನೋಡಿ, ಹಂಟರ್‌ನ ಚೂರಿಗೆ ಕಾಣದ್ದು ರೋಗಿಯ ಕಾಗದದಲ್ಲಿ ಇತ್ತು.

ಈಗ ಇಸಿಜಿ ವಿಷಯ. ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ್ದು ಇದೊಂದು, ಹಾಗಾಗಿ ನಿಧಾನ ಹೇಳುತ್ತೇನೆ. ಇಸಿಜಿ ತೆಗೆಯುವುದು ನೀವು ಮಲಗಿದ್ದಾಗ, ಹತ್ತು ಸೆಕೆಂಡಿನಷ್ಟು. ರಕ್ತನಾಳ ಸಾಕಷ್ಟು ಕಿರಿದಾಗಿದ್ದರೂ ಮಲಗಿದ ಹೃದಯಕ್ಕೆ ಬೇಕಾದ ರಕ್ತ ಹೇಗೋ ಸಿಗುತ್ತದೆ. ತೋಟದ ಪೈಪಿನಲ್ಲಿ ಕಸ ಕಟ್ಟಿದ್ದರೂ ಒಂದು ಸ್ಪ್ರಿಂಕ್ಲರ್ ತಿರುಗುತ್ತದೆ. ನಾಲ್ಕು ಒಟ್ಟಿಗೆ ಬಿಟ್ಟಾಗ ತಾನೆ ಗೊತ್ತಾಗುವುದು? ಮೆಟ್ಟಿಲು ಹತ್ತುವಾಗ ಹೃದಯ ಹೆಚ್ಚು ರಕ್ತ ಕೇಳುತ್ತದೆ, ಬರುವುದಿಲ್ಲ, ಎದೆ ಬಿಗಿಯುತ್ತದೆ. ನಿಂತರೆ ಬೇಡಿಕೆ ಇಳಿಯುತ್ತದೆ, ಬಿಗಿತ ಹೋಗುತ್ತದೆ. ಹಾಗಾಗಿ ಆಂಜೈನಾ ಇದ್ದವರಲ್ಲೂ ಮಲಗಿಸಿ ತೆಗೆದ ಇಸಿಜಿ ನಾರ್ಮಲ್ ಇರಬಹುದು. ಬಹಳ ಜನರಲ್ಲಿ ಇರುತ್ತದೆ. "ಇಸಿಜಿ ನಾರ್ಮಲ್" ಎಂದರೆ ಆ ಹತ್ತು ಸೆಕೆಂಡಿನಲ್ಲಿ ಅದರಲ್ಲಿ ಕಾಣುವಂಥದ್ದೇನೂ ಇರಲಿಲ್ಲ ಎಂದಷ್ಟೇ ಅರ್ಥ. ಹೃದಯಕ್ಕೆ ಏನೂ ಆಗಿಲ್ಲ ಎಂಬ ಸರ್ಟಿಫಿಕೇಟ್ ಅಲ್ಲ ಅದು. ದಯವಿಟ್ಟು ಲ್ಯಾಮಿನೇಟ್ ಮಾಡಿಸಿ ತರಬೇಡಿ. (ಹೌದು, ಒಬ್ಬರು ತಂದಿದ್ದರು.)

ಏರು ಹತ್ತುವಾಗ ಸುಸ್ತಾಗುವುದೆಲ್ಲ ಹೃದಯದ್ದೇ ಅಲ್ಲ. ರಕ್ತಹೀನತೆ ಇರಬಹುದು, ಶ್ವಾಸಕೋಶದ್ದಿರಬಹುದು, ಬರೀ ತೂಕ ಇರಬಹುದು. ಇನ್ನು ಮಧುಮೇಹ ಇದ್ದವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ಆಯಾಸ ಎಂದು ಬರುವುದೂ ಉಂಟು. ಇದನ್ನೋದಿ ನೀವೇ ತೀರ್ಮಾನಕ್ಕೆ ಬರಬೇಡಿ. ಹೇಳಿ, ತೀರ್ಮಾನ ವೈದ್ಯರು ಮಾಡಲಿ.

ಹೇಳುವುದಕ್ಕೆ ಬಿಡಬೇಕಲ್ಲ, ಅದು ನಮ್ಮ ಕಡೆಯ ತಪ್ಪು. ಅಮೆರಿಕದಲ್ಲಿ ಬೆಕ್‌ಮನ್, ಫ್ರಾಂಕೆಲ್ ಎಂಬಿಬ್ಬರು 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ರೋಗಿ ಮಾತು ಶುರುಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ಬಾಯಿ ಹಾಕುತ್ತಿದ್ದರು. ನಮ್ಮ ಸರದಿ ಸಾಲು ನೋಡಿದರೆ 18 ಸೆಕೆಂಡ್ ಧಾರಾಳವೇ. ಆದರೆ ಅದಕ್ಕೂ ಮೊದಲು, 1975ರಲ್ಲಿ, ಬ್ರಿಟನ್ನಿನಲ್ಲಿ ಹ್ಯಾಂಪ್ಟನ್ ಮತ್ತು ಸಂಗಡಿಗರು 80 ಹೊಸ ರೋಗಿಗಳನ್ನು ಹಿಂಬಾಲಿಸಿ ನೋಡಿದ್ದರು. ಕಳಿಸಿದ ವೈದ್ಯರ ಪತ್ರ ಓದಿ, ರೋಗಿಯ ಮಾತು ಕೇಳಿ ಮಾಡಿದ ನಿರ್ಣಯವೇ 66 ಮಂದಿಯಲ್ಲಿ ಕೊನೆಗೂ ಸರಿ ಎಂದಾಯಿತು. ಮೈ ಮುಟ್ಟಿ ನೋಡಿದ್ದರಿಂದ ನಿರ್ಣಯ ಬದಲಾದದ್ದು 7 ಮಂದಿಯಲ್ಲಿ, ಲ್ಯಾಬಿನಿಂದ ಇನ್ನು 7. ಹಳೆಯ ಲೆಕ್ಕ, ಸಣ್ಣ ಲೆಕ್ಕ, ಒಪ್ಪುತ್ತೇನೆ. ಯಂತ್ರಗಳು ಈಗ ಎಷ್ಟೋ ಸುಧಾರಿಸಿವೆ. ಆದರೂ ಯಾವ ಯಂತ್ರಕ್ಕೆ ಕಳಿಸಬೇಕು ಅಂತ ಯಾರಾದರೂ ಯೋಚಿಸಬೇಕಲ್ಲ? ಮೇಲಿನ ಕೃಷಿಕರನ್ನು "ಗ್ಯಾಸು" ಎಂಬ ಮಾತು ಎಂಡೋಸ್ಕೋಪಿಗೆ ಕಳಿಸಿತ್ತು. ಯಂತ್ರ ಸರಿಯಾಗಿಯೇ ಕೆಲಸ ಮಾಡಿತು, ಹೊಟ್ಟೆಯಲ್ಲಿ ಏನೂ ಇಲ್ಲ ಎಂದಿತು.

2019ರಿಂದ ಎಂಬಿಬಿಎಸ್ ಪಠ್ಯದಲ್ಲಿ ವರ್ತನೆ, ನೀತಿ, ಸಂವಹನ ಎಂಬ ಭಾಗ ಸೇರಿದೆ. ಒಳ್ಳೆಯದೇ. ಆದರೆ ಅದು ಟಿಕ್ ಹಾಕುವ ಪಟ್ಟಿಯಾದರೆ ಹುಡುಗರು "ನಿಮ್ಮ ಕಷ್ಟ ಅರ್ಥವಾಗುತ್ತದೆ" ಎಂಬ ವಾಕ್ಯ ಕಲಿಯುತ್ತಾರೆ, ಕಷ್ಟ ಏನೆಂದು ಕೇಳುವುದಿಲ್ಲ. ನಾನು ಹೌಸ್‌ಸರ್ಜನ್‌ಗಳನ್ನು ತಾಳಮದ್ದಳೆಗೆ, ಅಂದರೆ ಕೂತು ಬರೀ ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಕಳಿಸುತ್ತೇನೆ. "ಅದರಲ್ಲಿ ಕುಣಿತವೂ ಇಲ್ಲ, ವೇಷವೂ ಇಲ್ಲ ಸಾರ್" ಅನ್ನುತ್ತಾರೆ. ಇಲ್ಲ, ಅದಕ್ಕೇ ಕಳಿಸುವುದು. ಭಾಗವತರ ಪದ್ಯ ಮುಗಿದ ಮೇಲೆ ಎದುರುಬದುರು ಕೂತವರ ಬಳಿ ಇರುವುದು ಮಾತು ಒಂದೇ. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವಾಗ ನೋಡಬೇಕು. ಉತ್ತರ ಬಾಯಿಪಾಠ ಮಾಡಿ ಬಂದ ರಾಮ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಾನೆ, ಯಾಕೆಂದರೆ ಇವತ್ತಿನ ವಾಲಿ ಬೇರೆಯದನ್ನೇ ಕೇಳಿದ್ದಾನೆ. ಒಳ್ಳೆಯ ಅರ್ಥಧಾರಿ ಎದುರಾಳಿ ಹಗುರಾಗಿ ಬಿಟ್ಟ ಒಂದು ಮಾತನ್ನು ಹಿಡಿದಿಟ್ಟುಕೊಂಡು ಅರ್ಧ ಗಂಟೆ ಬಿಟ್ಟು ಅಲ್ಲಿಂದಲೇ ಎತ್ತುತ್ತಾನೆ. ಹೋದವರಲ್ಲಿ ಅರ್ಧದಷ್ಟು ಜನ ನಿದ್ದೆ ಮಾಡುತ್ತಾರೆ, ಗೊತ್ತಿದೆ. ನಿದ್ದೆ ಮಾಡದವರು ಮರುದಿನ ವಾರ್ಡಿನಲ್ಲಿ ಒಂದು ಪ್ರಶ್ನೆ ಜಾಸ್ತಿ ಕೇಳುತ್ತಾರೆ ಎಂಬುದು ನನ್ನ ಅನಿಸಿಕೆ. ಅಂಕಿಅಂಶ ಇಲ್ಲ.

ಆದ್ದರಿಂದ ಬರುವಾಗ ಒಂದು ಚೀಟಿಯಲ್ಲಿ ಬರೆದು ತನ್ನಿ: ಮೊದಲ ಸಲ ಯಾವಾಗ, ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ, ಎಷ್ಟು ಹೊತ್ತು, ಏನು ಮಾಡಿದರೆ ಹೋಯಿತು. ರೋಗದ ಹೆಸರು ಬರೆಯುವುದು ಬೇಡ. ಮನೆಯಲ್ಲಿ ನಿಮ್ಮನ್ನು ದಿನಾ ನೋಡುವವರನ್ನು ಕರೆದುಕೊಂಡು ಬನ್ನಿ, ಅವರಿಗೆ ಮಾತಾಡಲು ಬಿಡಿ.

ಇದೆಲ್ಲ ಬಂದು ಹೋಗುವ ತೊಂದರೆಗೆ. ಸುಮ್ಮನೆ ಕೂತಿದ್ದಾಗಲೇ ಎದೆ ಬಿಗಿದರೆ, ನಿಂತರೂ ಹೋಗದಿದ್ದರೆ, ಬೆವರು, ವಾಂತಿ, ಏದುಸಿರು ಜತೆಗಿದ್ದರೆ ಚೀಟಿ ಬರೆಯುತ್ತ ಕೂರಬೇಡಿ, ವೀಳ್ಯದೆಲೆಯನ್ನೂ ಹುಡುಕಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಅಲ್ಲಿ ನಿಮ್ಮ ಮಾತು ಕೇಳುವ ಮೊದಲೇ ಅಂಗಿ ಬಿಚ್ಚಿಸಿ ವೈರು ಅಂಟಿಸುತ್ತಾರೆ. ಆಗ ಹಾಗೇ ಮಾಡಬೇಕು, ಬೇಸರ ಮಾಡಿಕೊಳ್ಳಬೇಡಿ.